ಬೇಳೆಗೆ ಹರಳೆಣ್ಣೆ, ಗೋದಾಮಿಗೆ ಗುಳಿಗೆ, ನುಸಿಗೆ ಯಾರು ಗತಿ?

ಬಂದರಿಗೆ ಮಳೆಗಾಲ ಕಾಲಿಟ್ಟಿತೆಂದರೆ ಮೂರು ವ್ಯಾಪಾರ ಚುರುಕಾಗುತ್ತದೆ. ಕೊಡೆಯದ್ದು, ಟಾರ್ಪಾಲಿನದ್ದು, ಹುಳದ ಮದ್ದಿನದ್ದು. ಮೊದಲೆರಡಕ್ಕೆ ಬೋರ್ಡು ಉಂಟು, ಬಿಲ್ಲು ಉಂಟು. ಮೂರನೆಯದ್ದು ಬಹುಪಾಲು ಬಾಯಿಮಾತಿನ ವ್ಯವಹಾರ. ಗಿರಾಕಿ ಸಣ್ಣ ಸ್ವರದಲ್ಲಿ ಕೇಳುತ್ತಾನೆ, ಅಂಗಡಿಯವ ಒಳಗಿನಿಂದ ತಂದು ಕಾಗದದಲ್ಲಿ ಕಟ್ಟಿ ಕೊಡುತ್ತಾನೆ. ಹೆಸರಿಲ್ಲ, ಲೇಬಲಿಲ್ಲ, ಕೇಳುವವರೂ ಇಲ್ಲ.

ಬಂದರಿನ ಒಂದು ಜೀನಸು ಅಂಗಡಿ. ಸಂಜೆ ಆರೂವರೆಯ ಹೊತ್ತು. ಕೈಚೀಲ ಹಿಡಿದು ಬಂದ ಒಬ್ಬ ಹೆಂಗಸು, ಬಸ್ಸಿಗೆ ಹೊತ್ತಾಯಿತೆಂಬ ಗಡಿಬಿಡಿಯಲ್ಲೇ ಕೇಳಿದರು:

“ಅಣ್ಣಾ, ಹೋದ ತಿಂಗಳು ಕೊಂಡುಹೋದ ಬೆಳ್ತಿಗೆ ಅಕ್ಕಿ ತುಂಬ ಹುಳ ಆಗಿದೆ. ಎಂತಾದರೂ ಮದ್ದು ಉಂಟಾ?”

ಕೆಲಸದ ಹುಡುಗ ಗೋದಾಮಿಗೆ ಓಡಿದ. ಬೂದು ಬಣ್ಣದ ಒಂದು ಗುಳಿಗೆಯನ್ನು ಪೇಪರಿನಲ್ಲಿ ಸುತ್ತಿ ತಂದ. “ಡಬ್ಬದ ಅಡಿಗೆ ಇಡಿ ಅಕ್ಕಾ. ಎರಡು ದಿನದಲ್ಲಿ ಒಂದೇ ಒಂದು ಹುಳ ಇರುವುದಿಲ್ಲ.”

ಗಲ್ಲಾದಲ್ಲಿ ಕೂತಿದ್ದ ಮುದಿ ಸಾಹುಕಾರರು ಎದ್ದೇ ಬಿಟ್ಟರು. “ಏ ಮಾರಾಯಾ, ಒಳಗೆ ಕೊಂಡುಹೋಗು ಅದನ್ನು! ಹುಳ ಇರುವುದಿಲ್ಲ, ಸರಿ. ಆ ಮನೆಯ ಮಕ್ಕಳು ಇರುತ್ತಾರಾ?”

ಹೆಂಗಸು ಕಂಗಾಲು. ಹುಡುಗನಿಗೆ ತಾನು ಮಾಡಿದ ತಪ್ಪೇನೆಂದೇ ಗೊತ್ತಿಲ್ಲ. ಗೋದಾಮಿನಲ್ಲಿ ದಿನವೂ ನೋಡುವ ವಸ್ತು ಅದು. ಅವನ ಲೆಕ್ಕದಲ್ಲಿ ಅದು ಕರ್ಪೂರದ ತಮ್ಮ.

ಆ ಸಾಹುಕಾರರು ಎದ್ದದ್ದು ಸರಿ. ಎಲ್ಲ ಅಂಗಡಿಯಲ್ಲೂ ಅಂಥವರು ಗಲ್ಲಾದಲ್ಲಿ ಕೂತಿರುವುದಿಲ್ಲ ಎಂಬುದೇ ಇಲ್ಲಿನ ತಕರಾರು.

ಗುಳಿಗೆಯ ಗುಟ್ಟು

ಗೋದಾಮಿನ ಆ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್. ತಾನಾಗಿ ಅದು ಹುಳವನ್ನು ಕೊಲ್ಲುವುದಿಲ್ಲ. ಗಾಳಿಯ ತೇವ ತಾಗಿದಾಗ ಅದರಿಂದ ಫಾಸ್ಫೀನ್ ಎಂಬ ಅನಿಲ ಏಳುತ್ತದೆ. ಕೊಲ್ಲುವುದು ಆ ಅನಿಲ. ಹುಳ, ಇಲಿ, ಮನುಷ್ಯ ಎಂಬ ಭೇದ ಅದಕ್ಕಿಲ್ಲ. ಮಂಗಳೂರಿನ ಮಳೆಗಾಲದಲ್ಲಿ ತೇವಕ್ಕೆ ಬರಗಾಲವೆ? ಗೋಡೆಯೇ ಬೆವರುವ ಊರು ಇದು.

ಗೋಣಿಗಳ ರಾಶಿಗೆ ಟಾರ್ಪಾಲು ಹೊದಿಸಿ, ಅಂಚಿಗೆ ಮರಳಿನ ಚೀಲ ಒತ್ತಿ, ಬಾಗಿಲು ಹಾಕಿ, ದಿನಗಟ್ಟಲೆ ಯಾರನ್ನೂ ಹತ್ತಿರ ಬಿಡದೆ, ಮತ್ತೆ ತೆರೆದು ಗಾಳಿಗೆ ಬಿಡಬೇಕಾದ ಮದ್ದು ಅದು. ತರಬೇತಾದವರು, ಪರವಾನಗಿ ಇದ್ದವರು ಮಾಡಬೇಕಾದ ಕೆಲಸ. ಸಾರ್ವಜನಿಕರಿಗೆ ಕೈಮೇಲೆ ಮಾರುವಂತಿಲ್ಲ. ಇದನ್ನು ಅಡುಗೆಕೋಣೆಯ ಡಬ್ಬಕ್ಕೋ ಮಲಗುವ ಕೋಣೆಯ ತಿಗಣೆಗೋ ಇಟ್ಟು, ಅದೇ ಮನೆಯಲ್ಲಿ ಮಲಗಿದವರು ಬೆಳಿಗ್ಗೆ ಏಳದೇ ಹೋದ ಸುದ್ದಿಗಳು ದೇಶದ ನಾನಾ ಕಡೆಯಿಂದ ಬಂದಿವೆ. ಹೊಟ್ಟೆಗೋ ಶ್ವಾಸಕ್ಕೋ ಹೋದರೆ ಡಾಕ್ಟರರ ಬಳಿ ಇದಕ್ಕೆ ಪ್ರತಿಮದ್ದು ಇಲ್ಲ. ಇದ್ದಬದ್ದ ಉಪಚಾರ ಮಾಡಿ ಕಾಯುವುದಷ್ಟೇ.

ಕೀಟನಾಶಕಗಳಿಗೆಂದೇ 1968ರಿಂದ ಕಾಯಿದೆ ಇದೆ. ನೋಂದಣಿ ಇಲ್ಲದ ಮದ್ದು ಮಾರಬಾರದು, ಲೇಬಲ್ ಇಲ್ಲದೆ ಮಾರಬಾರದು. ಕಾಯಿದೆ ದಿಲ್ಲಿಯಿಂದ ಹೊರಟು ಇಲ್ಲಿಯವರೆಗೆ ಬರುವಷ್ಟರಲ್ಲಿ ಸುಸ್ತಾಗಿರಬೇಕು. ಚಿಲ್ಲರೆ ಬಾಟಲಿಯಲ್ಲಿ ಜಿರಳೆ ಮದ್ದು, ಪೊಟ್ಟಣದಲ್ಲಿ ಇರುವೆ ಪುಡಿ, ಯಾರು ಮಾಡಿದ್ದೆಂದೇ ತಿಳಿಯದ ನುಸಿಯ ಊದುಬತ್ತಿ, ಎಲ್ಲವೂ ಕೈಗೆ ಸಿಗುತ್ತದೆ. ಸೋಡಾ ಬಾಟಲಿಯಲ್ಲಿ ಹಾಕಿಟ್ಟ ಮದ್ದನ್ನು ಮಗು ಸೋಡಾ ಎಂದೇ ನಂಬುತ್ತದೆ. ಅದಕ್ಕೆ ಕಾಯಿದೆ ಓದಲು ಬರುವುದಿಲ್ಲ.

ಅಜ್ಜಿಯ ಬುದ್ಧಿ ಎಲ್ಲಿ ಹೋಯಿತು?

ಸಾಹುಕಾರರು ಆ ಹೆಂಗಸಿಗೆ ಹೇಳಿದ್ದು ಬೇರೆಯೇ. “ತಂಗೀ, ಅಕ್ಕಿಯನ್ನು ಗೆರಸೆಯಲ್ಲಿ ಕೇರಿ ಹುಳ ತೆಗೆಯಿರಿ. ಬಿಸಿಲು ಸಿಕ್ಕಿದ ದಿನ ಚಾಪೆಯಲ್ಲಿ ಹರಡಿ. ಡಬ್ಬವನ್ನು ತೊಳೆದು ಒಣಗಿಸಿ, ನಾಲ್ಕು ಒಣಮೆಣಸು ಹಾಕಿ, ಕಂಠದವರೆಗೆ ತುಂಬಿ ಮುಚ್ಚಿ. ಮತ್ತೆ, ಮಳೆಗಾಲದಲ್ಲಿ ಇಪ್ಪತ್ತೈದು ಕಿಲೋ ಒಟ್ಟಿಗೆ ಕೊಂಡುಹೋಗುವುದು ಎಂತಕ್ಕೆ? ಐದೈದು ಕೊಂಡುಹೋಗಿ.”

ತನ್ನ ವ್ಯಾಪಾರಕ್ಕೇ ಕಲ್ಲು ಹಾಕಿಕೊಂಡ ಈ ಮಾತು ಎಲ್ಲಕ್ಕಿಂತ ಒಳ್ಳೆಯ ಮದ್ದು. ಏಕೆಂದರೆ ಅಕ್ಕಿಯ ಗುಗ್ಗುರು ಹುಳ ಹೊರಗಿನಿಂದ ಹಾರಿ ಬಂದು ಕೂತದ್ದಲ್ಲ. ಹೆಣ್ಣು ಹುಳ ಕಾಳಿಗೆ ತೂತು ಕೊರೆದು ಒಳಗೆ ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತದೆ. ಮರಿ ಕಾಳಿನ ಒಳಗೇ ತಿಂದು ಬೆಳೆದು, ಸುಮಾರು ಒಂದು ತಿಂಗಳ ಮೇಲೆ ಹೊರಗೆ ಬರುತ್ತದೆ. ಇವತ್ತು ಕೇರಿ ಶುದ್ಧ ಮಾಡಿದ ಅಕ್ಕಿಯಲ್ಲಿ ಮೂರು ವಾರ ಕಳೆದು ಮತ್ತೆ ಹುಳ ಕಂಡರೆ ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ. ಅದು ಒಳಗೇ ಇತ್ತು. ಒಣಮೆಣಸು, ಲವಂಗ, ಬೇವಿನೆಲೆ ಹೊಸ ಹುಳವನ್ನು ಅಷ್ಟಿಷ್ಟು ದೂರ ಇಡುತ್ತದೆ, ಒಳಗಿರುವ ಮರಿಯನ್ನು ಏನೂ ಮಾಡುವುದಿಲ್ಲ. ಮರಿಯನ್ನು ಕೊಲ್ಲುವುದು ಬಿಸಿ, ಚಳಿ, ಇಲ್ಲವೆ ಗಾಳಿಯಿಲ್ಲದ ಜಾಗ. ಸ್ವಲ್ಪವೇ ಅಕ್ಕಿಯಾದರೆ ಫ್ರಿಜ್ಜಿನ ಮಂಜುಗಡ್ಡೆಯ ಅರೆಯಲ್ಲಿ ನಾಲ್ಕು ದಿನ ಇಟ್ಟರೂ ಕೆಲಸ ಆಗುತ್ತದೆ.

ಹಿಂದಿನವರಿಗೆ ಫ್ರಿಜ್ಜಿರಲಿಲ್ಲ, ಮುಡಿ ಇತ್ತು. ಬೈಹುಲ್ಲಿನಲ್ಲಿ ಅಕ್ಕಿ ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು, ಕಲ್ಲಿನಂತೆ ಗಟ್ಟಿ ಮಾಡಿ ಅಟ್ಟದಲ್ಲಿ ಇಡುತ್ತಿದ್ದ ಆ ಉಂಡೆ ಈಗ ದೈವಸ್ಥಾನದ ಉತ್ಸವದಲ್ಲೋ ವಸ್ತುಪ್ರದರ್ಶನದಲ್ಲೋ ನೋಡಲು ಸಿಗುತ್ತದೆ. ಅದರಲ್ಲಿ ಮಂತ್ರ ಏನಿರಲಿಲ್ಲ. ಅಕ್ಕಿ ಒಣಗಿರುತ್ತಿತ್ತು, ಒತ್ತಾಗಿರುತ್ತಿತ್ತು, ಹುಳಕ್ಕೆ ಓಡಾಡಲು ಎಡೆ ಇರಲಿಲ್ಲ, ಮೇಲಿನಿಂದ ಅಡುಗೆಮನೆಯ ಹೊಗೆ ಮತ್ತು ಕಾವು ಸದಾ ತಾಗುತ್ತಿತ್ತು. ಸಾಲದ್ದಕ್ಕೆ ಕರಾವಳಿಯವರು ಉಣ್ಣುತ್ತಿದ್ದದ್ದು ಕುಚ್ಚಲಕ್ಕಿ. ಭತ್ತ ಬೇಯಿಸಿ ಒಣಗಿಸುವಾಗ ಕಾಳಿನ ಬಿರುಕು ಕೂಡಿಕೊಂಡು ಗಟ್ಟಿಯಾಗುತ್ತದೆ. ಬೆಳ್ತಿಗೆಯಷ್ಟು ಸಲೀಸಾಗಿ ಹುಳ ಅದಕ್ಕೆ ಬಾಯಿ ಹಾಕುವುದಿಲ್ಲ.

ಬೇಳೆಕಾಳಿನ ಕಥೆ ಇನ್ನೂ ಸುಲಭ. ಹೆಸರು, ತೊಗರಿ, ಕಡ್ಲೆ, ಅಲಸಂಡೆ ಬೀಜಕ್ಕೆ ಹರಳೆಣ್ಣೆ ಸವರಿಡುವುದು ಹಳೆ ಪದ್ಧತಿ. ಒಂದು ಕಿಲೋಕ್ಕೆ ಒಂದು ಟೀ ಚಮಚ ಎಣ್ಣೆ, ಎಲ್ಲ ಕಾಳಿಗೂ ತಾಗುವಂತೆ ಅಂಗೈಯಲ್ಲಿ ಉಜ್ಜಬೇಕು, ಅಷ್ಟೇ. ಕಾಳಿನ ಮೇಲೆ ಇಟ್ಟ ಮೊಟ್ಟೆಗೆ ಎಣ್ಣೆ ಮುಚ್ಚಿಕೊಂಡು ಉಸಿರು ಕಟ್ಟುತ್ತದೆ. ಘಟ್ಟದ ಮೇಲಿನ ರೈತರು ತೊಗರಿಗೆ ಕೆಮ್ಮಣ್ಣು ಬಳಿದು ಒಣಗಿಸಿಡುವುದೂ ಇಂಥದ್ದೇ ಉಪಾಯ. ಸಣ್ಣ ಮಣ್ಣಿನ ಪುಡಿ ಹುಳದ ಮೈಯ ಮೇಣವನ್ನು ಕೆರೆದು ತೆಗೆಯುತ್ತದೆ. ಮೈಯ ನೀರು ಆರಿ ಹುಳ ಸಾಯುತ್ತದೆ. ಬೂದಿಯದ್ದೂ ಅದೇ ಕೆಲಸ. ಈ ತತ್ವವನ್ನೇ ಹಿಡಿದು ಹೊರದೇಶದಲ್ಲಿ ಒಂದು ಬಗೆಯ ಕಲ್ಲುಹುಡಿಯನ್ನು ಚೀಲದಲ್ಲಿ ತುಂಬಿಸಿ ಮಾರುತ್ತಾರೆ. ಅಜ್ಜಿ ಬಿಟ್ಟಿ ಕೊಟ್ಟದ್ದನ್ನು ಮೊಮ್ಮಗ ರೊಕ್ಕ ಕೊಟ್ಟು ತರುವ ಕಾಲ.

ಬೇವಿನ ವಿಷಯದಲ್ಲಂತೂ ಇದು ಕೋರ್ಟಿನ ಮಟ್ಟಿಲವರೆಗೆ ಹೋಯಿತು. ಬೇವಿನೆಣ್ಣೆಯಿಂದ ಬೆಳೆಯ ಬೂಸ್ಟು ರೋಗ ತಡೆಯುವುದು ತಮ್ಮ ಶೋಧನೆಯೆಂದು ಅಮೇರಿಕದ ಕಂಪೆನಿಯೊಂದಕ್ಕೂ ಅಲ್ಲಿನ ಕೃಷಿ ಇಲಾಖೆಗೂ ಯುರೋಪಿನ ಪೇಟೆಂಟ್ ಕಚೇರಿ 1994ರಲ್ಲಿ ಹಕ್ಕು ಬರೆದುಕೊಟ್ಟಿತ್ತು. ಭಾರತದವರು ಜಗಳಕ್ಕೆ ನಿಂತ ಮೇಲೆ 2000ದಲ್ಲಿ ಅದು ರದ್ದಾಯಿತು. 2005ರಲ್ಲಿ ಮೇಲ್ಮನವಿಯೂ ಬಿತ್ತು. ಅಂದಹಾಗೆ ಮಂಗಳೂರಿಗೆ ಕಹಿಬೇವು ಅಪರೂಪ. ಅದು ಒಣಸೀಮೆಯ ಮರ. ಇಲ್ಲಿಯ ಬೇಲಿಯಲ್ಲಿ ಬೆಳೆಯುವುದು ನೆಕ್ಕಿ. ಅದರ ಒಣಗಿದ ಸೊಪ್ಪನ್ನು ಧಾನ್ಯದ ನಡುವೆ ಇಡುವುದು, ಸಂಜೆ ಹೊತ್ತು ಅದರ ಹೊಗೆ ಹಾಕುವುದು ಇಲ್ಲಿನವರ ರೂಢಿ. ಬೇಲಿಯ ಜಾಗಕ್ಕೆ ಕಾಂಪೌಂಡು ಗೋಡೆ ಬಂದ ಮೇಲೆ ನೆಕ್ಕಿ ಎಂದರೆ ಯಾವುದು ಎಂದು ಕೇಳುವ ಮಕ್ಕಳು ಹುಟ್ಟಿದ್ದಾರೆ.

‘ನ್ಯಾಚುರಲ್’ ಅಂದರೆ ಸಾಧುವೇ?

ಹಾಗಂತ ಮನೆಮದ್ದು ಎಂದೊಡನೆ ಕಣ್ಣಿಗೊತ್ತಿಕೊಳ್ಳಬೇಕಾಗಿಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೇ ನೋಡಿ. ಗೇರು ಕಾರ್ಖಾನೆಗಳ ಈ ಊರಿನಲ್ಲಿ ಹೆಂಚಿನ ಮಾಡಿನ ಪಕಾಸಿಗೆ, ಬಾಗಿಲಿನ ದಾರಂದಕ್ಕೆ, ಮರದ ದೋಣಿಗೆ ಅದನ್ನು ಬಳಿದರೆ ಒರಲೆ ಹತ್ತಿರ ಬರುವುದಿಲ್ಲ ಎಂದು ಬಡಗಿಗಳಿಗೆಲ್ಲ ಗೊತ್ತು. ಪಕ್ಕಾ ನ್ಯಾಚುರಲ್. ಆದರೆ ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಬಜೆ ಬೇರು ಬಟ್ಟೆಯ ಪೆಟ್ಟಿಗೆಗೆ ಒಳ್ಳೆಯದು, ಹಾಗೆಂದು ಅಕ್ಕಿಯ ಜೊತೆ ಬೆರೆಸಿ ಬೇಯಿಸಿ ಉಣ್ಣುವಂಥದ್ದಲ್ಲ. ನುಸಿಗುಳಿಗೆ ಮನೆಮದ್ದೇ ಅಲ್ಲ. ಅಂಗಡಿಯದ್ದಾದರೂ ಮನೆಮನೆಯಲ್ಲಿ ಇರುವುದರಿಂದ ಅದನ್ನು ಮನೆಮದ್ದೆಂದೇ ತಿಳಿದವರಿದ್ದಾರೆ. ಅದನ್ನು ಎಳೆಮಗುವಿನ ಬಟ್ಟೆಯ ನಡುವೆ ಇಡಲೇಬಾರದು. ಹುಟ್ಟಿನಿಂದ ರಕ್ತದಲ್ಲಿ ಒಂದು ಬಗೆಯ ಕೊರತೆಯಿರುವ ಮಕ್ಕಳಿಗೆ ಅದರ ವಾಸನೆಯಿಂದಲೇ ರಕ್ತಕಣ ಒಡೆದು ಜೀವಕ್ಕೆ ಬರುತ್ತದೆ. ಬೋರಿಕ್ ಹುಡಿಗೆ ಸಕ್ಕರೆ, ಮೈದಾ ಕಲಸಿ ಉಂಡೆ ಮಾಡಿ ಜಿರಳೆಗೆ ಇಡುವುದು ಒಳ್ಳೆ ಉಪಾಯವೇ, ಸಿಂಕಿನ ಹಿಂದೆ, ಅಲಮಾರಿನ ಅಡಿಗೆ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಆ ಸಿಹಿ ಉಂಡೆ ಮೊದಲು ಯಾರ ಬಾಯಿಗೆ ಹೋದೀತು ಎಂದು ಯೋಚಿಸಿಯೇ ಇಡಬೇಕು.

ಇರುವೆಗೆ ಇಷ್ಟೆಲ್ಲ ರಗಳೆ ಬೇಡ. ಅದು ವಾಸನೆಯ ದಾರಿ ಹಿಡಿದು ಸಾಲಿನಲ್ಲಿ ಬರುವ ಜೀವಿ. ಸಾಬೂನು ನೀರಿನಲ್ಲಿ ಆ ದಾರಿ ಒರೆಸಿದರೆ ಊರು ತಪ್ಪುತ್ತದೆ. ಸಕ್ಕರೆ ಡಬ್ಬಕ್ಕೆ ಎರಡು ಲವಂಗ ಸಾಕು.

ಸ್ಟೇಟ್‌ಬ್ಯಾಂಕ್ ಬಸ್ಸಿನ ಸಹಪ್ರಯಾಣಿಕ

ತಿಗಣೆಯ ಮಾತು ಎತ್ತದೆ ಬಂದರಿನ ಲೆಕ್ಕ ಮುಗಿಯುವುದಿಲ್ಲ. ಮೂಟೆ ಹೊರುವವರು, ಬೋಟಿನ ಕೆಲಸದವರು ಹತ್ತು ಹನ್ನೆರಡು ಮಂದಿ ಒಂದೇ ಕೋಣೆಯಲ್ಲಿ ಮಲಗುವ ಬಾಡಿಗೆ ಬಿಡಾರಗಳಲ್ಲಿ ಅದಕ್ಕೆ ವರ್ಷವಿಡೀ ಸುಗ್ಗಿ. ಒಬ್ಬ ಊರಿಗೆ ಹೋಗಿ ಬಂದರೆ ಚೀಲದ ಹೊಲಿಗೆಯಲ್ಲಿ ಕೂತು ಅದೂ ಪ್ರವಾಸ ಮುಗಿಸಿ ಬರುತ್ತದೆ. ಬಸ್ಸಿನ ರೆಕ್ಸಿನ್ ಸೀಟಿನ ಹರಿದ ಸಂದು ಅದಕ್ಕೆ ವಸತಿಗೃಹ. ಮುಡಿಪು, ಸುರತ್ಕಲ್, ಬಜಪೆ ಕಡೆಗೆ ದಿನವೂ ಕೂತು ಹೋಗುವವರು ತೊಡೆ ತುರಿಸಿಕೊಳ್ಳುತ್ತ ಪಕ್ಕದವನ ಮುಖ ನೋಡುವುದು ಹೊಸತೇನಲ್ಲ. ಪಕ್ಕದವನ ತಪ್ಪೂ ಅಲ್ಲ.

ಎರಡನೇ ಮಹಾಯುದ್ಧದ ನಂತರ ಡಿ.ಡಿ.ಟಿ. ಬಂದಾಗ ಲೋಕವೇ ತಿಗಣೆ ಮುಗಿಯಿತೆಂದು ತಿಳಿದಿತ್ತು. ಆ ಮದ್ದಿನ ಗುಣ ಕಂಡುಹಿಡಿದ ಪಾಲ್ ಮುಲ್ಲರ್‌ಗೆ 1948ರಲ್ಲಿ ನೊಬೆಲ್ ಬಹುಮಾನವೂ ಬಂತು. ತಿಗಣೆ ಆ ಮದ್ದನ್ನೂ ಅರಗಿಸಿಕೊಂಡಿತು, ಅದರ ನಂತರ ಬಂದ ಮದ್ದುಗಳನ್ನೂ ಅರಗಿಸಿಕೊಂಡಿತು. 2023ರಲ್ಲಿ ಪ್ಯಾರಿಸ್‌ನಂಥ ಪ್ಯಾರಿಸ್ ಪಟ್ಟಣವೇ ರೈಲು, ಸಿನೆಮಾ ಸೀಟುಗಳ ತಿಗಣೆಗೆ ಹೆದರಿ ಗದ್ದಲ ಎಬ್ಬಿಸಿತ್ತು. ಬಂದರಿನ ಬಿಡಾರದವರು ನಾಚಿಕೊಳ್ಳಬೇಕಾದ್ದೇನಿಲ್ಲ.

ಮದ್ದು ಹೊಡೆದು ಸೋತ ಈ ಪ್ರಾಣಿ ಈಗಲೂ ಸೋಲುವುದು ಕಾವಿಗೆ. ಕುದಿಯುವ ನೀರು ಮಂಚದ ಕೀಲಿಗೆ, ಹಲಗೆಯ ಸಂದಿಗೆ ಬಿದ್ದರೆ ಮೊಟ್ಟೆಯೂ ಉಳಿಯುವುದಿಲ್ಲ. ಬಟ್ಟೆ, ಹೊದಿಕೆ ಬಿಸಿನೀರಿನಲ್ಲಿ ಅದ್ದಬೇಕು. ಬೇಸಿಗೆಯಾದರೆ ಕಡುಬಿಸಿಲು ಉಂಟು. ಒಂದು ಸಲ ಮಾಡಿ ಕೈತೊಳೆದುಕೊಂಡರೆ ಆಗದು, ವಾರ ಬಿಟ್ಟು ಮತ್ತೆ, ಮತ್ತೊಂದು ವಾರ ಬಿಟ್ಟು ಮತ್ತೆ. ಅದು ತಿಂಗಳುಗಟ್ಟಲೆ ಉಪವಾಸ ಇರಬಲ್ಲ ಆಸಾಮಿ. ಸೀಮೆಎಣ್ಣೆ ಸುರಿಯುವ ಹಳೆ ಚಾಳಿ ಮಾತ್ರ ಬೇಡ. ಬೀಡಿ ಸೇದುವವರ ಕೋಣೆಯಲ್ಲಿ ಅದು ಬೆಂಕಿಗೆ ಆಹ್ವಾನ.

ಒಂದು ತಮಾಷೆಯ ಸಂಗತಿ. ಯುರೋಪಿನ ಬಾಲ್ಕನ್ ಸೀಮೆಯಲ್ಲಿ ಹಿಂದೆ ರಾತ್ರಿ ಮಂಚದ ಸುತ್ತ ಬೀನ್ಸ್ ಗಿಡದ ಎಲೆ ಹರಡುತ್ತಿದ್ದರಂತೆ. ಬೆಳಿಗ್ಗೆ ಎಲೆ ಎತ್ತಿದರೆ ಅದರ ತುಂಬ ಸಿಕ್ಕಿಬಿದ್ದ ತಿಗಣೆ. ಇದು ಕಟ್ಟುಕಥೆಯೋ ಏನೋ ಎಂದು ಅಮೇರಿಕದ ವಿಜ್ಞಾನಿಗಳು ಸೂಕ್ಷ್ಮದರ್ಶಕ ಹಿಡಿದು ನೋಡಿದರು. 2013ರಲ್ಲಿ ಉತ್ತರ ಬಂತು. ಎಲೆಯ ಮೈಮೇಲಿನ ಕಣ್ಣಿಗೆ ಕಾಣದ ಕೊಕ್ಕೆಗಳು ತಿಗಣೆಯ ಕಾಲಿಗೆ ಚುಚ್ಚಿ ಹಿಡಿಯುತ್ತವೆ. ಅಜ್ಜಿಯಂದಿರು ಆ ದೇಶದಲ್ಲೂ ಇದ್ದರು ಎಂದಾಯಿತು.

ನುಸಿಯ ಮುಂದೆ ಅಜ್ಜಿಯೂ ಸೋಲುತ್ತಾಳೆ

ಘಟ್ಟದ ಮೇಲಿನವರ ಸೊಳ್ಳೆ, ಇಲ್ಲಿನವರಿಗೆ ನುಸಿ, ತುಳುವಿನಲ್ಲಿ ಉಮಿಲ್. ಹೆಸರು ಯಾವುದಾದರೂ ಅದರ ಮುಂದೆ ಮನೆಮದ್ದಿನ ಆಟ ನಡೆಯದು. ಇದನ್ನು ಕಟುವಾಗಿಯೇ ಹೇಳಬೇಕು. ಏಕೆಂದರೆ ಅಕ್ಕಿಯಲ್ಲಿ ಹುಳ ಆದರೆ ಅಕ್ಕಿ ಹೋಗುತ್ತದೆ, ನುಸಿ ಕಚ್ಚಿದರೆ ಮನುಷ್ಯ ಹೋದಾನು. 1990ರ ದಶಕದಿಂದ ಮಲೇರಿಯ ಈ ಪಟ್ಟಣವನ್ನು ಹಿಂಡಿದ್ದನ್ನು ಯಾರೂ ಮರೆತಿಲ್ಲ. ಈಚೆಗೆ ಅದು ಬಹಳ ಇಳಿದಿದೆ ನಿಜ. ಆದರೆ 2019ರ ಮಳೆಗಾಲದಲ್ಲಿ ಡೆಂಗ್ಯೂ ಬಂದು ಮನೆಮನೆಯನ್ನು ನಡುಗಿಸಿತು.

ಸಂಜೆ ಲೋಬಾನ, ಸಾಂಬ್ರಾಣಿ, ನೆಕ್ಕಿ ಸೊಪ್ಪು, ತೆಂಗಿನ ಸಿಪ್ಪೆಯ ಹೊಗೆ ಹಾಕಿದರೆ ಹೊಗೆ ಇರುವಷ್ಟು ಹೊತ್ತು ನುಸಿ ಆಚೆ ನಿಲ್ಲುತ್ತದೆ. ಡೆಂಗ್ಯೂ ತರುವ ನುಸಿ ಕಚ್ಚುವುದು ಹಗಲಿನಲ್ಲಿ, ಅಂಗಡಿಯ ಮೇಜಿನ ಅಡಿಯಲ್ಲಿ, ಶಾಲೆಯ ಬೆಂಚಿನ ಕೆಳಗೆ. ಸಂಜೆಯ ಹೊಗೆಗೂ ಅದಕ್ಕೂ ಸಂಬಂಧವಿಲ್ಲ. ಮೇಲಾಗಿ ಹೊಗೆ ಹೊಗೆಯೇ. ಒಂದು ಕಾಯಿಲು ಪೂರ್ತಿ ಸುಟ್ಟರೆ ಏಳುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟು ಸುಟ್ಟಷ್ಟಕ್ಕೆ ಸಮ ಎಂದು 2003ರಲ್ಲಿ ಅಳೆದು ಹೇಳಿದ್ದಾರೆ. ನೆಕ್ಕಿಯ ಹೊಗೆ ದೇವಲೋಕದಿಂದ ಬಂದದ್ದಲ್ಲ. ದಮ್ಮಿನ ಅಜ್ಜ, ತೊಟ್ಟಿಲ ಮಗು ಇರುವ ಮನೆಯಲ್ಲಿ ಸೊಳ್ಳೆಪರದೆಯೇ ಉತ್ತಮ. ಪರದೆಗಿಂತ ಹಳೆಯ, ಅಗ್ಗದ ಮನೆಮದ್ದು ಬೇರೆ ಇಲ್ಲ. ಸೆಕೆ ಎಂಬುದೊಂದೇ ತಕರಾರು.

ನುಸಿಯ ಮೂಲ ಡಬ್ಬದಲ್ಲಿ ಇಲ್ಲ, ನೀರಿನಲ್ಲಿದೆ. ಮೊಟ್ಟೆಯಿಂದ ಹಾರುವ ನುಸಿಯಾಗಲು ಎಂಟು ಹತ್ತು ದಿನ ಸಾಕು. ಚರಂಡಿಯ ಕೊಳಕು ನೀರಿನಲ್ಲಿ ಹುಟ್ಟುವುದು ಒಂದು ಜಾತಿ. ಮಲೇರಿಯದ್ದು ಬಾವಿ, ಟಾಂಕಿ, ಕಟ್ಟಡ ಕಟ್ಟುವಲ್ಲಿ ನಿಂತ ಶುದ್ಧ ನೀರು ಹುಡುಕುತ್ತದೆ. ಡೆಂಗ್ಯೂವಿನದ್ದಕ್ಕೆ ಒಂದು ಗೆರಟೆ ನೀರು ಧಾರಾಳ. ಗುಜರಿ ಅಂಗಡಿಯ ಮುಂದೆ ರಾಶಿ ಹಾಕಿದ ಡಬ್ಬ, ಮಾಡಿನ ಮೇಲೆ ಟಾರ್ಪಾಲಿನ ಹೊಂಡ, ಗೂಡಂಗಡಿಯ ಹಿಂದೆ ಎಸೆದ ಬೊಂಡದ ಚಿಪ್ಪು, ಒಂದೊಂದೂ ಒಂದೊಂದು ಕೆರೆ. ಆ ನುಸಿಯ ಮೊಟ್ಟೆ ನೀರು ಆರಿದರೂ ಸಾಯುವುದಿಲ್ಲ, ತಿಂಗಳುಗಟ್ಟಲೆ ಒಣಗಿ ಕೂತು ಮೊದಲ ಮಳೆಗೆ ಒಡೆಯುತ್ತದೆ.

ವಾರಕ್ಕೊಂದು ದಿನ, ಅಂಗಡಿ ಬಾಗಿಲು ತೆರೆಯುವ ಮೊದಲು ಹತ್ತು ನಿಮಿಷ, ತನ್ನ ಜಗಲಿಯ ಸುತ್ತ ನಿಂತ ನೀರು ಚೆಲ್ಲುವುದು ಬಂದರಿನ ಪ್ರತಿಯೊಬ್ಬ ವರ್ತಕನ ಕೈಯಲ್ಲಾಗುವ ಕೆಲಸ. ಬಾವಿಗೆ ಗಪ್ಪಿ ಮೀನು ಬಿಡುವುದೂ ಆಗುತ್ತದೆ. ಆದರೆ ಎರಡು ಕಟ್ಟಡದ ನಡುವಿನ ಯಾರದ್ದೂ ಅಲ್ಲದ ಓಣಿ, ಮುಚ್ಚಳ ಒಡೆದ ಚರಂಡಿ, ವರ್ಷಗಟ್ಟಲೆ ಅರ್ಧಕ್ಕೆ ನಿಂತ ಕಟ್ಟಡದ ನೆಲಮಾಳಿಗೆ, ಇವುಗಳಿಗೆ ಮನೆಯ ಹೆಂಗಸು ಹರಳೆಣ್ಣೆ ಸವರಲು ಬರುವುದಿಲ್ಲ. ಅದು ಪಾಲಿಕೆಯ ಕೆಲಸ, ತೆರಿಗೆ ಕಟ್ಟಿದವರ ಹಕ್ಕು. ಜ್ವರ ಎದ್ದ ಮೇಲೆ ಫಾಗಿಂಗ್ ಗಾಡಿ ಹೊಗೆ ಬಿಟ್ಟು ಹೋದರೆ ಮಕ್ಕಳಿಗೆ ಅದರ ಹಿಂದೆ ಓಡುವ ಮೋಜು. ಹಾರುತ್ತಿದ್ದ ನುಸಿ ಸ್ವಲ್ಪ ಸತ್ತೀತು, ನೀರಿನಲ್ಲಿರುವ ಮರಿ ಹಾಗೆಯೇ ಇರುತ್ತದೆ.

ಗುಳಿಗೆಯ ವಿಷಯವೂ ಅಷ್ಟೇ. ಸಗಟು ವರ್ತಕರು ತಮ್ಮೊಳಗೇ ಕೂತು ಒಂದು ತೀರ್ಮಾನ ಮಾಡಿದರೆ ಪೊಲೀಸರೂ ಬೇಡ, ಇಲಾಖೆಯೂ ಬೇಡ. ಗೋದಾಮಿನ ಮದ್ದು ಬೀಗದೊಳಗೆ ಇರಬೇಕು, ಬೀಗದ ಕೈ ಕೆಲಸದ ಹುಡುಗನ ಕೈಯಲ್ಲಿ ಇರಬಾರದು, ಒಂದೇ ಒಂದು ಗುಳಿಗೆ ಚಿಲ್ಲರೆಗೆ ಹೋಗಬಾರದು. ಗಿರಾಕಿ ಸಿಟ್ಟಾಗುತ್ತಾನೆಂಬ ಹೆದರಿಕೆ ಬೇಡ. ಆ ಸಂಜೆ ಬಂದ ಹೆಂಗಸು ಸಿಟ್ಟಾಗಲಿಲ್ಲ. ನಾಲ್ಕು ಮಾತು ಕೇಳಿಕೊಂಡು, ಒಂದು ಸಣ್ಣ ಬಾಟಲಿ ಹರಳೆಣ್ಣೆಯನ್ನೂ ಕೊಂಡು, “ಹೆಸರಿಗೂ ಇದೇ ಹಾಕಬಹುದಾ ಅಣ್ಣಾ?” ಎಂದು ಕೇಳಿಯೇ ಬಸ್ಸಿಗೆ ಓಡಿದರು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಸಮುದ್ರ ಬಂದ್. ದಕ್ಕೆಯಲ್ಲಿ ಸಾಲಾಗಿ ಕಟ್ಟಿ ನಿಲ್ಲಿಸಿದ ಬೋಟುಗಳ ಬದಿಯಲ್ಲಿ ಹಳೆ ಟಯರುಗಳು ನೇತಾಡುತ್ತವೆ, ಒಂದೊಂದರ ಹೊಟ್ಟೆಯಲ್ಲೂ ಮಳೆನೀರು. ಎರಡು ತಿಂಗಳು ಬೋಟು ಅಲುಗುವುದಿಲ್ಲ, ಟಯರಿನ ನೀರೂ ಅಲುಗುವುದಿಲ್ಲ. ಅದರ ಅಡಿಗೆ ಒಂದು ತೂತು ಕೊರೆದರೆ ನೀರು ತಾನಾಗಿ ಇಳಿದುಹೋಗುತ್ತದೆ. ಐದು ನಿಮಿಷದ ಕೆಲಸ. ಬೋಟಿನ ಧಣಿಗಳು ಈ ವರ್ಷ ಬಲೆ ಹೊಲಿಯಲು ಕೂತಾಗ ಒಂದು ಕೊರೆಯುಳಿಯನ್ನೂ ಜೊತೆಗೆ ತರಲಿ.